ಹಳೆಯ ರಿವಾಲ್ವರಿಗೆ ನ್ಯಾಯವಾದ ಬೆಲೆ ಎಷ್ಟು?

ಮಾನ್ಯ ಸಂಪಾದಕರಿಗೆ,

ಭಾನುವಾರದ ಪುರವಣಿಯಲ್ಲಿ ಹಳೆಯ ವಸ್ತುಗಳ ಸಂಗ್ರಹದ ಬಗ್ಗೆ ಬಂದ ಲೇಖನ ಓದಿದೆ. ನಾಣ್ಯ, ಗ್ರಾಮಫೋನ್, ಗೋಡೆ ಗಡಿಯಾರಗಳ ವಿಷಯ ಚೆನ್ನಾಗಿತ್ತು. ಆದರೆ ಕೊನೆಗೆ ಹಳೆಯ ರಿವಾಲ್ವರ್‌ಗಳ ಬಗ್ಗೆ ಬರೆದ ಎರಡು ಮಾತು ಓದಿ ಸುಮ್ಮನಿರಲು ಆಗಲಿಲ್ಲ. ನೂರು ವರ್ಷ ದಾಟಿದ ರಿವಾಲ್ವರಿಗೆ ಲೈಸೆನ್ಸ್ ಬೇಕಿಲ್ಲ ಎನ್ನುವುದು ಒಂದು. ಅಮೆರಿಕದ ಹರಾಜಿನಲ್ಲಿ ಬಂದ ಬೆಲೆಯೇ ಇಲ್ಲಿಯೂ ಸಿಗುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ಹಾಗೆಯೇ ನಂಬುವಂತಿಲ್ಲ. ಮೊದಲನೆಯದನ್ನು ನಂಬಿದವರು ಜೈಲಿಗೆ ಹೋಗಬಹುದು, ಎರಡನೆಯದನ್ನು ನಂಬಿದವರು ದುಡ್ಡು ಕಳೆದುಕೊಳ್ಳುತ್ತಾರೆ.

ನಾನು ಧಾರವಾಡದವನು. ಪುಣೆಯ ಲಷ್ಕರ್ ಭಾಗದ ಒಂದು ಬಂದೂಕಿನ ಅಂಗಡಿಯಲ್ಲಿ ಲೆಕ್ಕ ಮತ್ತು ರಿಜಿಸ್ಟರ್ ಬರೆಯುತ್ತಾ ನಿವೃತ್ತನಾದೆ. ಮಾರಾಟಕ್ಕೆ ಬಂದದ್ದು, ಜಮಾ ಇಟ್ಟದ್ದು, ರಿಪೇರಿಗೆ ಬಿಟ್ಟದ್ದು ಎಲ್ಲವೂ ನನ್ನ ಕೈಬರಹದಲ್ಲೇ ರಿಜಿಸ್ಟರಿಗೆ ಏರುತ್ತಿದ್ದವು. ಅಲ್ಲಿಯ ಮಿಸ್ತ್ರಿಯೊಬ್ಬರು ಹಳೆಯ ರಿವಾಲ್ವರ್ ನೋಡುವುದನ್ನು ನನಗೆ ಕಲಿಸಿದರು. ನನ್ನ ಹೆಸರಿನಲ್ಲೂ ಲೈಸೆನ್ಸ್ ಇದೆ, ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .32 ಬೋರಿನ (ಬೋರ್ ಎಂದರೆ ನಳಿಗೆಯ ಒಳಗಿನ ಅಳತೆ, ಇಂಚಿನಲ್ಲಿ) ಒಂದು ಹಳೆಯ ರಿವಾಲ್ವರ್ ಇದೆ. ಬರ್ಮಿಂಗ್‌ಹ್ಯಾಮಿನ ಆ ಕುಶಲಕರ್ಮಿಗಳ ಕೆಲಸದ ಮೇಲೆ ನನಗೆ ಬಹಳ ಪ್ರೀತಿ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾನೂನು. 1959ರ ಆಯುಧ ಕಾಯ್ದೆಯಲ್ಲಿ ಬಂದೂಕಿನ ವಯಸ್ಸು ನೋಡಿ ಲೈಸೆನ್ಸ್ ಮಾಫಿ ಮಾಡುವ ಕಲಮು ಇಲ್ಲ. 2020ರ ನಿಯಮ ತಿದ್ದುಪಡಿ ‘ಕ್ಯೂರಿಯೋ’, ಅಂದರೆ ಅಪರೂಪದ ಹಳೆಯ ವಸ್ತು, ಎಂಬ ವರ್ಗಕ್ಕೆ ಸೇರಿದ ಸಣ್ಣ ಆಯುಧವನ್ನು ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಎಂದಿದೆ, ಆದರೆ ಅದನ್ನು ಬಳಸಲು, ಒಯ್ಯಲು ಲೈಸೆನ್ಸ್ ಬೇಕೇ ಬೇಕು. ಕಾಯ್ದೆಯ 45ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಹಳೆಯ ಮಾದರಿಯದಾಗಲಿ, ಪುರಾತನ ಮೌಲ್ಯದ್ದಾಗಲಿ, ಕೆಟ್ಟುಹೋದದ್ದಾಗಲಿ, ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲು ಬಾರದಂಥ ಆಯುಧಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ ಅದು. ‘ರಿಪೇರಿ ಮಾಡಿದರೂ’ ಎಂಬ ಆ ಷರತ್ತನ್ನೇ ಜನ ಓದುವುದಿಲ್ಲ. ಸ್ಪ್ರಿಂಗ್ ಮುರಿದ 1890ರ ರಿವಾಲ್ವರಿಗೆ ಒಳ್ಳೆಯ ಮಿಸ್ತ್ರಿ ಒಂದು ಮಧ್ಯಾಹ್ನದಲ್ಲಿ ಹೊಸ ಸ್ಪ್ರಿಂಗ್ ಹಾಕಿಬಿಡುತ್ತಾನೆ. ಅಂದ ಮೇಲೆ ಅದು ಕಾಯ್ದೆಯ ಕಣ್ಣಿಗೆ ಬಂದೂಕೇ. ಅಮೆರಿಕದಲ್ಲಿ 1968ರ ಕಾಯ್ದೆಯ ಪ್ರಕಾರ 1898ರವರೆಗೆ ತಯಾರಾದವು ‘ಆಂಟಿಕ್’ ಎನಿಸಿಕೊಂಡು ಬಹುಮಟ್ಟಿಗೆ ನಿರ್ಬಂಧದಿಂದ ಹೊರಗಿವೆ. ಅಲ್ಲಿಯವರ ವಿಡಿಯೋ ನೋಡಿ ನಮ್ಮ ಹುಡುಗರು ಇಲ್ಲಿಯೂ ಹಾಗೇ ಎಂದು ತಿಳಿಯುತ್ತಾರೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ ನೂರು ವರ್ಷದ ಗೆರೆ ಇರುವುದು ನಿಜ. ಆದರೆ ಅದು ಪುರಾತನ ವಸ್ತುವಿನ ಮಾರಾಟ ಮತ್ತು ರಫ್ತಿನ ಮೇಲೆ ಕಟ್ಟುಪಾಡು ಹಾಕಲು ಬಂದ ಕಾಯ್ದೆ. ಮನೆಯಲ್ಲಿ ರಿವಾಲ್ವರ್ ಇಟ್ಟುಕೊಳ್ಳಲು ಅದು ಪರವಾನಗಿ ಕೊಡುವುದಿಲ್ಲ.

ಸಂಗ್ರಹದ ಆಸೆ ಇರುವವರು ತಿಳಿದಿರಬೇಕಾದ ಇನ್ನೊಂದು ಬದಲಾವಣೆ 2019ರದ್ದು. ಮೊದಲು ಒಬ್ಬರ ಹೆಸರಿನಲ್ಲಿ ಮೂರು ಬಂದೂಕು ಇರಬಹುದಿತ್ತು. ಆ ವರ್ಷದ ತಿದ್ದುಪಡಿಯಿಂದ ಎರಡಕ್ಕಿಳಿಯಿತು. ವಾರಸಿನಿಂದ ಬಂದರೂ ಎರಡರ ಮಿತಿ ದಾಟುವಂತಿಲ್ಲ. ಮೂರಿದ್ದವರು ಯಾವುದಾದರೂ ಎರಡನ್ನು ಇಟ್ಟುಕೊಂಡು ಉಳಿದದ್ದನ್ನು ಒಂದು ವರ್ಷದೊಳಗೆ ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಜಮಾ ಮಾಡಬೇಕಾಯಿತು. ಗೋಡೆಯ ತುಂಬ ರಿವಾಲ್ವರ್ ತೂಗುಹಾಕುವ ಅಮೆರಿಕದ ಸಂಗ್ರಾಹಕನ ಚಿತ್ರ ನಮಗೆ ಹೊಂದುವುದಿಲ್ಲ. ನಮ್ಮಲ್ಲಿ ಸಾಮಾನ್ಯ ಮನುಷ್ಯನ ಲೈಸೆನ್ಸಿನ ಸಂಗ್ರಹವೆಂದರೆ ಎರಡು ಜಾಗ, ಅಷ್ಟೇ. ಒಂದರಲ್ಲಿ ಡಬಲ್ ಬ್ಯಾರಲ್ ಕೂತಿದ್ದರೆ ಉಳಿದದ್ದು ಒಂದೇ. ಅಗ್ಗಕ್ಕೆ ಸಿಕ್ಕಿತೆಂದು ಸವೆದದ್ದನ್ನು ತಂದರೆ ಹೋಗುವುದು ದುಡ್ಡು ಮಾತ್ರವಲ್ಲ, ಆ ಜಾಗವೂ ಹೋಯಿತು. ಅದನ್ನು ಮತ್ತೆ ಮಾರಿ, ಲೈಸೆನ್ಸಿನಿಂದ ಇಳಿಸಿ, ಇನ್ನೊಂದನ್ನು ಹತ್ತಿಸುವಷ್ಟರಲ್ಲಿ ಕಮಿಷನರ್ ಕಚೇರಿಯ ಮೆಟ್ಟಿಲು ಸವೆಯುತ್ತದೆ. ಹೀಗಾಗಿ ನಮ್ಮ ದೇಶದಲ್ಲಿ ಒಳ್ಳೆಯ ಬೆಲೆ ಎಂದರೆ ಕಡಿಮೆ ಬೆಲೆ ಎಂದು ಯಾರೂ ತಿಳಿಯಬಾರದು. ಕಾಗದಪತ್ರ, ಬೋರ್, ಯಂತ್ರ ಈ ಮೂರೂ ಸರಿಯಾಗಿರುವ ಒಂದು ವಸ್ತುವಿಗೆ, ಮಾರುವವರಿಗೂ ಅನ್ಯಾಯವಾಗದಂತೆ ಕೊಡುವ ಹಣವೇ ಒಳ್ಳೆಯ ಬೆಲೆ.

ಬೋರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರ ಮನೆಗಳಲ್ಲಿ ಹೆಚ್ಚು ತೊಂದರೆ ಆಗುವುದು ಇಲ್ಲೇ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯಿಂದ ಸೈನ್ಯಕ್ಕೆ ಸೇರಿ, ಪುಣೆಯ ಖಡಕಿ, ಘೋರ್ಪಡಿಯಲ್ಲಿ ಮನೆ ಮಾಡಿ ಇಲ್ಲಿಯೇ ಉಳಿದ ಕುಟುಂಬಗಳು ಬಹಳ. ಅಂಥ ಮನೆಗಳಲ್ಲಿ ಅಜ್ಜನದೋ ಮುತ್ತಜ್ಜನದೋ ರಿವಾಲ್ವರ್ ಇರುವುದುಂಟು. ಮೊದಲ ಮಹಾಯುದ್ಧದ ಕಾಲದ ವೆಬ್ಲಿ ಮಾರ್ಕ್ 6 ಎಂಬ ದೊಡ್ಡ ರಿವಾಲ್ವರ್ 1915ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂತು, ಅದರ ಬೋರ್ .455. ಆಮೇಲೆ 1932ರಲ್ಲಿ ಬಂದ ಎನ್‌ಫೀಲ್ಡ್ ನಂಬರ್ 2 ರಿವಾಲ್ವರಿನದು .380. ಹೊರದೇಶದ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುವುದು ಇವನ್ನೇ. ನಮ್ಮ ನಿಯಮದಲ್ಲಿ ಮಾತ್ರ .380 ಮತ್ತು .455 ಕಾರ್ಟ್ರಿಡ್ಜ್ (ತೋಟಾ) ಕೂರುವ ರಿವಾಲ್ವರ್ ಯಾವುದೇ ಇರಲಿ, ಅದು ಪ್ರೊಹಿಬಿಟೆಡ್ ಬೋರ್, ಅಂದರೆ ನಿಷಿದ್ಧ ಬೋರ್. ವ್ಯಾಪಾರದವರು ಪಿಬಿ ಎನ್ನುತ್ತಾರೆ. ಅದರ ಲೈಸೆನ್ಸ್ ಜಿಲ್ಲಾಧಿಕಾರಿಯಿಂದಾಗಲಿ ಪೊಲೀಸ್ ಕಮಿಷನರಿಂದಾಗಲಿ ಸಿಗದು, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಲೈಸೆನ್ಸ್ ಇಲ್ಲದೆ ಪಿಬಿ ಆಯುಧ ಇಟ್ಟುಕೊಂಡರೆ 2019ರ ತಿದ್ದುಪಡಿಯ ಪ್ರಕಾರ 7ರಿಂದ 14 ವರ್ಷ ಸಜೆ. ಹಳೆಯ ಅಮೆರಿಕನ್ ಜೇಬಿನ ರಿವಾಲ್ವರ್‌ಗಳಲ್ಲಿ ಎಷ್ಟೋ .38 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಬೋರಿನವು. ಆ ಕಾರ್ಟ್ರಿಡ್ಜಿಗೂ ಬ್ರಿಟಿಷರ .380ಕ್ಕೂ ಅಳತೆಯಲ್ಲಿ ಹೊಂದಿಕೆ ಇರುವುದರಿಂದ ಅವೂ ಅದೇ ಗುಂಪಿಗೆ ಬೀಳುತ್ತವೆ. ಮಾರುವವನು “ಸಣ್ಣ ರಿವಾಲ್ವರ್ ಸಾಹೇಬ್ರ, ಇದಕ್ಕೇನ ತೊಂದ್ರಿಲ್ಲ” ಎಂದರೆ ನಂಬಬೇಡಿ.

ಸಾಮಾನ್ಯ ಲೈಸೆನ್ಸಿನಲ್ಲಿ ಬರುವ ರಿವಾಲ್ವರ್ ಎಂದರೆ ಮುಖ್ಯವಾಗಿ .32. ಇಲ್ಲಿಯೂ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಸಿಗುವ ಕಾರ್ಟ್ರಿಡ್ಜ್ .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ನಮ್ಮ ಖಡಕಿಯ ಮದ್ದುಗುಂಡಿನ ಕಾರ್ಖಾನೆ 1869ರಲ್ಲಿ ಶುರುವಾದದ್ದು, ಅದರ ಕೆಎಫ್ ಅಚ್ಚಿನ ಕಾರ್ಟ್ರಿಡ್ಜ್ ನೋಡದ ಲೈಸೆನ್ಸುದಾರ ಇರಲಾರ. ಆದರೆ ಹತ್ತೊಂಬತ್ತನೇ ಶತಮಾನದ ಕೊನೆಯ ಕೆಲವು ರಿವಾಲ್ವರ್‌ಗಳು ಅದಕ್ಕಿಂತ ಗಿಡ್ಡವಾದ .32 ಕಾರ್ಟ್ರಿಡ್ಜಿಗೆ ಮಾಡಿದವು. ಲಾಂಗ್ ಅದರಲ್ಲಿ ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗುವುದು, ಕಾರ್ಟ್ರಿಡ್ಜ್ ಕೂರುವ ಗೂಡನ್ನು ಅಂದರೆ ಚೇಂಬರನ್ನು ಕೊರೆಸುವುದು, ಎರಡನ್ನೂ ಯಾರೂ ಮಾಡಬಾರದು. ಕಪ್ಪು ಮದ್ದಿನ ಕಾಲದ ಉಕ್ಕು ಈಗಿನ ಮದ್ದಿನ ಒತ್ತಡಕ್ಕೆ ಮಾಡಿದ್ದಲ್ಲ.

ಇನ್ನು ಬೆಲೆ ಏಕೆ ಇಷ್ಟು ಎಂಬ ಮಾತು. 1980ರ ದಶಕದ ನಡುವಿನಿಂದ ಸಾಮಾನ್ಯರಿಗೆ ವಿದೇಶಿ ಬಂದೂಕಿನ ಆಮದು ಮುಚ್ಚಿಹೋಯಿತು. ಅದಕ್ಕೂ ಮೊದಲು ದೇಶದೊಳಗೆ ಬಂದ ವೆಬ್ಲಿ, ಕೋಲ್ಟ್, ಸ್ಮಿತ್ ಅಂಡ್ ವೆಸನ್‌ಗಳೇ ಇಂದಿಗೂ ಕೈಯಿಂದ ಕೈಗೆ ತಿರುಗುತ್ತಿವೆ. ಕೊಳ್ಳುವವರು ಹೆಚ್ಚಿದರು, ವಸ್ತು ಹೆಚ್ಚಲಿಲ್ಲ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ವೆಬ್ಲಿಯ ಮಾದರಿಯನ್ನೇ ಅನುಸರಿಸಿದ್ದು. 2014ರಲ್ಲಿ ಹಗುರ ಲೋಹದ ‘ನಿರ್ಭೀಕ್’ ಬಂದಾಗ ಬೆಲೆ 1,22,360 ರೂಪಾಯಿ ಇತ್ತು. ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರ್ 2020ರಿಂದ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲೇ ತಯಾರಾಗುತ್ತಿದೆ. 2025ರ ಸೆಪ್ಟೆಂಬರಿನಲ್ಲಿ ರಿವಾಲ್ವರ್ ಪಿಸ್ತೂಲುಗಳ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿತು. ಹೊಸದು ದುಬಾರಿಯಾದಷ್ಟೂ ಹಳೆಯದರ ಮಾಲೀಕರು ಬೆಲೆ ಏರಿಸುತ್ತಾರೆ. ಹಾಗಾಗಿ ಇಂಗ್ಲೆಂಡಿನದು, ಅಮೆರಿಕದ್ದು ಎಂಬ ಹೆಸರಿಗೇ ಜನ ಹೊಸ ಸರ್ಕಾರಿ ರಿವಾಲ್ವರಿನ ಹಲವು ಪಟ್ಟು ಕೇಳುವುದು, ಕೊಡುವುದು ನಡೆದಿದೆ. ಹೆಸರಿಗೆ ಅಷ್ಟು ಕೊಡುವ ಮೊದಲು ವಸ್ತು ಆ ಹೆಸರಿಗೆ ತಕ್ಕದ್ದೇ ಎಂದು ನೋಡಬೇಡವೇ?

ಹುಡುಕುವುದೆಲ್ಲಿ ಎಂದರೆ, ಅಂತರ್ಜಾಲದಲ್ಲಿ ಅಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ “ಅರ್ಜೆಂಟ್ ಸೇಲ್” ಎನ್ನುವವರ ಹತ್ತಿರ ಅಂತೂ ಅಲ್ಲವೇ ಅಲ್ಲ. ಅಧಿಕೃತ ಅಂಗಡಿಗಳಲ್ಲಿ ಗಾಜಿನ ಕಪಾಟಿನಲ್ಲಿರುವುದು ಮಾರಾಟದ ಮಾಲು. ಅದರ ಹಿಂದೆ ಒಳಕೋಣೆಯಲ್ಲಿ ಜಮಾ ಇಟ್ಟ ಮಾಲು ಇರುತ್ತದೆ. ಮಾಲೀಕ ತೀರಿಕೊಂಡದ್ದು, ಮಗ ಅಮೆರಿಕಕ್ಕೆ ಹೋದದ್ದು, 2019ರ ನಂತರ ಮೂರನೆಯದಾಗಿ ಹೊರಗೆ ಬಂದದ್ದು. ಪ್ರತಿಯೊಂದಕ್ಕೂ ಚೀಟಿ, ಪ್ರತಿಯೊಂದಕ್ಕೂ ಬಾಡಿಗೆ. ಅಂಗಡಿಯವರ ಜೊತೆ ವಿಶ್ವಾಸ ಬೆಳೆಸಿ, ನಿಮಗೆ ಏನು ಬೇಕೆಂದು ಬರೆದು ಕೊಟ್ಟು ಬನ್ನಿ. ಯಾವ ವಾರಸುದಾರರು ಮಾರಲು ಇಚ್ಛಿಸುತ್ತಾರೋ ಅವರೇ ನಿಮಗೆ ಫೋನ್ ಮಾಡುತ್ತಾರೆ. ಶೂಟಿಂಗ್ ಕ್ಲಬ್ಬುಗಳ ಹಿರಿಯ ಸದಸ್ಯರು ಇನ್ನೊಂದು ದಾರಿ. ಕಣ್ಣು ಮಂಜಾಗಿ ಲೈಸೆನ್ಸ್ ಬಿಡಬೇಕೆನ್ನುವವರು ತಮ್ಮ ರಿವಾಲ್ವರನ್ನು ಚೆನ್ನಾಗಿ ನೋಡಿಕೊಳ್ಳುವವರ ಕೈಗೆ ಕೊಡಲು ಕಾಯುತ್ತಿರುತ್ತಾರೆ.

ಲೈಸೆನ್ಸುದಾರರು ಒಬ್ಬರಿಗೊಬ್ಬರು ನೇರವಾಗಿ ಮಾರಲು ಕಾಯ್ದೆಯ 5ನೇ ಕಲಮಿನಲ್ಲಿ ಅವಕಾಶವಿದೆ. ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಕೈ ಬದಲಿಸಬೇಕು. ಅಷ್ಟು ದಿನದೊಳಗೆ ಪೂರ್ತಿ ಹಣ ಕೊಡಬೇಡಿ. ಪುಣೆಯಲ್ಲಿ ನೌಕರಿ, ಲೈಸೆನ್ಸ್ ಮಾತ್ರ ಊರಿನದು ಎನ್ನುವ ನಮ್ಮವರು ಬಹಳ. ಅಂಥವರು ಮೊದಲು ತಮ್ಮ ಲೈಸೆನ್ಸು ಮಹಾರಾಷ್ಟ್ರದಲ್ಲಿ ನಡೆಯುತ್ತದೆಯೇ, ಯುಐಎನ್ (ಲೈಸೆನ್ಸುದಾರರ ವಿಶಿಷ್ಟ ಗುರುತಿನ) ನಂಬರ್ ಬಂದಿದೆಯೇ, ವಿಳಾಸ ಬದಲಾದದ್ದನ್ನು ತಿಳಿಸಿದ್ದಾರೆಯೇ ನೋಡಿಕೊಳ್ಳಬೇಕು.

ಈಗ ವಸ್ತು ನಿಮ್ಮ ಮುಂದಿದೆ ಎಂದುಕೊಳ್ಳಿ. ಅಂಗಡಿಯ ಮೇಜಿನ ಮೇಲೆ, ಅಂಗಡಿಯವರ ಎದುರಿಗೇ ನೋಡಬೇಕು. ಮೊದಲ ಕೆಲಸ ತೆರೆದು, ಎಲ್ಲ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳುವುದು. ನಮ್ಮ ಮಿಸ್ತ್ರಿ ಸ್ವಂತ ಕೈಯಿಂದ ಈಗಷ್ಟೇ ಕೆಳಗಿಟ್ಟದ್ದನ್ನೂ ಮತ್ತೆ ತೆರೆದು ನೋಡುತ್ತಿದ್ದರು.

ವೆಬ್ಲಿಯಂಥ ನಡು ಮುರಿಯುವ ರಿವಾಲ್ವರ್ ಆದರೆ, ಎಡಗಡೆಯ ಲಿವರನ್ನು ಹೆಬ್ಬೆರಳಿನಿಂದ ಒತ್ತಿ ಬ್ಯಾರಲನ್ನು ಕೆಳಗೆ ಬಗ್ಗಿಸಿ. ಚೇಂಬರುಗಳಿರುವ ಉರುಳೆಯ, ಅಂದರೆ ಸಿಲಿಂಡರಿನ, ನಡುವಿನಿಂದ ಕಾರ್ಟ್ರಿಡ್ಜ್ ಎತ್ತುವ ನಕ್ಷತ್ರದಾಕಾರದ ಎಕ್ಸ್‌ಟ್ರ್ಯಾಕ್ಟರ್ ಏಳಬೇಕು, ಪೂರ್ತಿ ಬಗ್ಗಿಸಿದಾಗ ಟಪ್ಪೆಂದು ಒಳಗೆ ಕೂರಬೇಕು. ಮೇಲೇ ನಿಂತುಬಿಟ್ಟರೆ, ಓರೆಯಾಗಿ ಎದ್ದರೆ, ಒಳಗೆ ಸವೆತ ಇದೆ. ಮತ್ತೆ ಮುಚ್ಚಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಬ್ಯಾರಲ್ ಹಿಡಿದು ಕಿವಿಯ ಹತ್ತಿರ ಮೆಲ್ಲಗೆ ಅಲುಗಾಡಿಸಿ. ಒಳ್ಳೆಯ ವೆಬ್ಲಿ ಮಾತಾಡುವುದಿಲ್ಲ. ಕಟಕಟ ಸದ್ದು ಬಂದರೆ ತಿರುಗಣಿಯ ಪಿನ್ನೋ ಮೇಲಿನ ಕೊಂಡಿಯೋ ಸವೆದಿದೆ. ಅದನ್ನು ಸರಿಮಾಡುವ ಕೈಗಳು ಈಗ ಕಡಿಮೆ.

ಸ್ಮಿತ್ ಅಂಡ್ ವೆಸನ್, ಕೋಲ್ಟ್‌ಗಳಲ್ಲಿ ಸಿಲಿಂಡರ್ ಪಕ್ಕಕ್ಕೆ ಬರುತ್ತದೆ. ಅದನ್ನು ಮುಚ್ಚಿ, ಸಿಲಿಂಡರಿನ ಮೇಲೆ ಬೆರಳಿನಿಂದ ಸ್ವಲ್ಪ ತಡೆ ಕೊಟ್ಟು, ಹ್ಯಾಮರನ್ನು (ಹಿಂಬದಿಯ ಬಡಿಯುವ ಸುತ್ತಿಗೆ) ಬಹಳ ನಿಧಾನವಾಗಿ ಹಿಂದಕ್ಕೆಳೆಯಿರಿ. ಹ್ಯಾಮರ್ ಪೂರ್ತಿ ಹಿಂದೆ ಬಂದು ನಿಲ್ಲುವ ಹೊತ್ತಿಗೆ ಸಿಲಿಂಡರ್ ಬೀಗ ಬಿದ್ದಂತೆ ನಿಲ್ಲಬೇಕು. ನಿಲ್ಲದೆ ಇನ್ನೂ ತಿರುಗಿದರೆ ಚೇಂಬರಿಗೂ ನಳಿಗೆಗೂ ನೇರ ಕೂರುತ್ತಿಲ್ಲ ಎಂದರ್ಥ. ಗುಂಡು ಅಂಚಿಗೆ ತಾಗಿ ಸೀಸದ ಚೂರು ಪಕ್ಕಕ್ಕೆ ಹಾರುವುದು ಇಂಥದರಿಂದಲೇ. ಎಲ್ಲ ಆರು ಚೇಂಬರಿಗೂ ಹೀಗೇ ನೋಡಬೇಕು. ಸಾಮಾನ್ಯವಾಗಿ ಜನ ಒಂದಕ್ಕೆ ನೋಡಿ ಬಿಡುತ್ತಾರೆ, ಸವೆತ ಮಾತ್ರ ಎಲ್ಲದಕ್ಕೂ ಒಂದೇ ಸಮ ಇರುವುದಿಲ್ಲ. ಹ್ಯಾಮರನ್ನು ಹೆಬ್ಬೆರಳಿನಲ್ಲಿ ಹಿಡಿದೇ ಇಳಿಸಿ. ಖಾಲಿ ರಿವಾಲ್ವರನ್ನು ಟಕ್ ಟಕ್ ಎಂದು ಬಡಿದು ನೋಡುವ ಚಟ ಕೆಟ್ಟದ್ದು, ಹಳೆಯ ಪಿನ್ ಮುರಿದರೆ ಹೊಸದು ಎಲ್ಲಿಂದ ತರುತ್ತೀರಿ?

ನಂತರ ನಳಿಗೆ. ಒಂದು ಬಿಳಿ ಕಾಗದದ ಚೂರನ್ನು ಹಿಂದೆ ಹಿಡಿದು ಬೆಳಕು ಬೀಳುವಂತೆ ಮಾಡಿ ಮುಂದಿನಿಂದ ನೋಡಿ. ಒಳಗೆ ಸುರುಳಿಯಾಗಿ ಕೊರೆದ ರೈಫ್ಲಿಂಗ್ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದ ಗುಳಿ. ನಳಿಗೆಯ ನಡುವೆ ಉಂಗುರದಂಥ ನೆರಳು ಕಂಡರೆ ಅಲ್ಲಿ ಯಾವತ್ತೋ ಗುಂಡು ಸಿಕ್ಕಿಕೊಂಡು ಉಬ್ಬಿದೆ. ಅದನ್ನು ಯಾವ ಬೆಲೆಗೂ ತೆಗೆದುಕೊಳ್ಳಬೇಡಿ.

ಹೊರಮೈ ಹೊಳೆಯುತ್ತಿದೆ ಎಂದು ಹಿಗ್ಗಬೇಡಿ. ಸಂಗ್ರಹದ ಮಾತಿಗೆ ಬಂದರೆ ಹೊಳಪೇ ದೊಡ್ಡ ಶತ್ರು. ಕಾರ್ಖಾನೆಯಲ್ಲಿ ಉಕ್ಕಿಗೆ ಕೊಟ್ಟ ಮೂಲ ಕಪ್ಪು-ನೀಲಿ ಬಣ್ಣ ಎಲ್ಲಿ ಕೈ ತಾಗುತ್ತದೋ ಅಲ್ಲಿ ಮಾಸುತ್ತದೆ, ನಳಿಗೆಯ ತುದಿ, ಸಿಲಿಂಡರಿನ ಅಂಚು, ಹಿಡಿಕೆಯ ಹಿಂಭಾಗ. ಎಲ್ಲ ಕಡೆ ಒಂದೇ ಸಮ ಕಪ್ಪಿದ್ದರೆ ಯಾರೋ ಪಾಲಿಶ್ ಹೊಡೆಸಿ ಹೊಸ ಬಣ್ಣ ಹಾಕಿಸಿದ್ದಾರೆ. ಕಂಪನಿಯ ಹೆಸರಿನ ಅಕ್ಷರ ನೋಡಿ. ಅಂಚು ಕರಗಿದಂತೆ, ಅಕ್ಷರ ಮಸುಕಾದಂತೆ ಕಂಡರೆ ಉಜ್ಜಿದ್ದು ನಿಶ್ಚಯ. ಸ್ಕ್ರೂಗಳ ತಲೆ ಕಚ್ಚಿದಂತಿದ್ದರೆ ಅಡ್ಡಾದಿಡ್ಡಿ ಕೈಗಳು ಒಳಗೆ ಹೊಕ್ಕಿವೆ. ನಿಕಲ್ ಲೇಪದಡಿ ಎಷ್ಟೋ ಗುಳಿ ಅಡಗಿರುತ್ತವೆ. ಹೊರಗೆ ಮಾಸಿದ, ಒಳಗೆ ಬಿಗಿಯಾದ ರಿವಾಲ್ವರಿಗೆ ನಾನು ಹೆಚ್ಚು ಕೊಡುತ್ತೇನೆ. ಹೊಳೆಯುವ ಸಡಿಲ ರಿವಾಲ್ವರಿಗೆ ಕೊಡುವುದಿಲ್ಲ. ಗೋವಾ, ಕಾರವಾರದ ಕಡೆಯಿಂದ ಬಂದವನ್ನು ಚರ್ಮದ ಚೀಲದಿಂದ ಹೊರಗೆ ತೆಗೆಸಿ ನೋಡಲೇಬೇಕು. ಚರ್ಮ ಮಳೆಗಾಲದ ತೇವ ಹೀರಿಕೊಂಡು ಲೋಹಕ್ಕೆ ಅಂಟಿ ಕೂತಿರುತ್ತದೆ, ಹದ ಮಾಡಿದ ರಾಸಾಯನಿಕವೂ ಜೊತೆಗೆ ಸೇರಿ ತಿನ್ನುತ್ತದೆ. ರಿವಾಲ್ವರನ್ನು ಚೀಲದಲ್ಲೇ ಇಟ್ಟು ವರ್ಷಗಟ್ಟಲೆ ಬೀರುವಿನಲ್ಲಿ ಬಿಡುವಷ್ಟು ಕೆಟ್ಟ ಪದ್ಧತಿ ಇನ್ನೊಂದಿಲ್ಲ.

ಅಚ್ಚುಗಳು ಒಂದು ವಸ್ತುವಿನ ಜಾತಕ. ಬರ್ಮಿಂಗ್‌ಹ್ಯಾಮಿನಲ್ಲಿ ಪರೀಕ್ಷೆಯಾದದ್ದಕ್ಕೆ ಕಿರೀಟದ ಗುರುತು ನಳಿಗೆಯ ಮೇಲೂ ಸಿಲಿಂಡರಿನ ಮೇಲೂ ಇರುತ್ತದೆ. ಇಂಗ್ಲೆಂಡಿನ ಮೂಲಕ ಬಂದ ಹಳೆಯ ಅಮೆರಿಕನ್, ಸ್ಪ್ಯಾನಿಷ್ ರಿವಾಲ್ವರ್‌ಗಳ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂದು ಹೊಡೆದಿರುವುದುಂಟು. ಅದು ಕಳಪೆಯ ಗುರುತೆಂದು ಬೆಲೆ ಇಳಿಸುವವರಿದ್ದಾರೆ, ಹಾಗಲ್ಲ, ಅಲ್ಲಿಯ ಪರೀಕ್ಷೆ ದಾಟಿ ಬಂದ ಸಾಕ್ಷಿ ಅದು. ಸ್ಪೇನಿನ ಐಬಾರ್ ಪಟ್ಟಣದ ಕಾರ್ಖಾನೆಗಳು ಸ್ಮಿತ್ ಅಂಡ್ ವೆಸನ್‌ನ ಆಕಾರವನ್ನೇ ನಕಲು ಮಾಡಿದವು. ನಳಿಗೆಯ ಮೇಲೆ ಆ ಅಮೆರಿಕನ್ ಹೆಸರು ದೊಡ್ಡದಾಗಿ ಕಾಣುತ್ತದೆ, ಪೂರ್ತಿ ಸಾಲು ಓದಿದರೆ ಆ ಕಂಪನಿಯ ಕಾರ್ಟ್ರಿಡ್ಜ್ ಇದಕ್ಕೆ ಹೊಂದುತ್ತದೆ ಎಂದಷ್ಟೇ ಇರುತ್ತದೆ. ಭೂತಗನ್ನಡಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಸಾಲನ್ನು ಕೊನೆಯವರೆಗೆ ಓದಿ. ಕೈಯಿಂದ ಕೊರೆದ ನಕಲಿಗಳಲ್ಲಂತೂ ಅಕ್ಷರ ತಿರುಗುಮುರುಗಾಗಿ ಬಿದ್ದಿರುತ್ತದೆ. ಅಂಥದ್ದು ಕಂಡರೆ ಬೆಲೆಯ ಮಾತೇ ಬೇಡ, ಹೊರಟು ಬನ್ನಿ.

ನಾನು ರಿಜಿಸ್ಟರ್ ಬರೆದವನಾದ್ದರಿಂದ ನಂಬರಿನ ಮಾತನ್ನು ಒತ್ತಿ ಹೇಳುತ್ತೇನೆ. ಹಳೆಯ ಸ್ಮಿತ್ ಅಂಡ್ ವೆಸನ್‌ನ ನಿಜವಾದ ಸೀರಿಯಲ್ ನಂಬರ್ ಹಿಡಿಕೆಯ ತಳದಲ್ಲಿರುತ್ತದೆ. ಸಿಲಿಂಡರ್ ಹೊರಗೆ ಬರುವ ಜಾಗದ ಒಳಗೆ ಇನ್ನೊಂದು ನಂಬರ್ ಇರುತ್ತದೆ, ಅದು ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವಾಗ ಹೊಡೆದದ್ದು. ಹಿಡಿಕೆಯ ಮರ ತಳವನ್ನು ಮುಚ್ಚಿದ್ದರೆ ಕಚೇರಿಯ ಗುಮಾಸ್ತ ಒಳಗಿನ ನಂಬರನ್ನೇ ಲೈಸೆನ್ಸಿನಲ್ಲಿ ಬರೆದುಬಿಡುತ್ತಾನೆ. ಅಂಥ ಲೈಸೆನ್ಸು ಹತ್ತಾರು ವರ್ಷ ನವೀಕರಣವಾಗಿ ಬಂದದ್ದನ್ನೂ ನೋಡಿದ್ದೇನೆ. ಮಾರಾಟದ ಹೊತ್ತಿಗೆ ಯಾರೋ ಹಿಡಿಕೆ ಬಿಚ್ಚಿದಾಗ ವಸ್ತುವೇ ಬೇರೆ, ಕಾಗದವೇ ಬೇರೆ ಎಂದಾಗುತ್ತದೆ. ಹಣ ಕೊಡುವ ಮೊದಲು ಹಿಡಿಕೆ ಬಿಚ್ಚಿಸಿ, ತಳದ ನಂಬರು, ಸಿಲಿಂಡರಿನ ಹಿಂಬದಿಯ ನಂಬರು, ನಳಿಗೆಯ ಕೆಳಗಿನ ನಂಬರು ತಾಳೆಯಾಗುತ್ತವೆಯೇ ನೋಡಿ, ಆಮೇಲೆ ಲೈಸೆನ್ಸಿಗೆ ಹೋಲಿಸಿ. ಮೂರೂ ಒಂದೇ ಆಗಿದ್ದರೆ ಸಂಗ್ರಾಹಕನಿಗೆ ಅದೇ ನಿಜವಾದ ಸೊತ್ತು. ಕಾಗದದಲ್ಲಿ ವ್ಯತ್ಯಾಸ ಇದ್ದರೆ, ಅದನ್ನು ತಿದ್ದಿಸುವ ಜವಾಬ್ದಾರಿ ಮಾರುವವರದು. ತಿದ್ದಿದ ಮೇಲೆಯೇ ವ್ಯವಹಾರ.

ಚೌಕಾಸಿಯ ಬಗ್ಗೆಯೂ ಮನಸ್ಸಿನಲ್ಲಿದ್ದದ್ದನ್ನು ಹೇಳುತ್ತೇನೆ. ಲೈಸೆನ್ಸುದಾರ ತೀರಿಕೊಂಡ ಮನೆಯಲ್ಲಿ ರಿವಾಲ್ವರ್ ಇಟ್ಟುಕೊಳ್ಳುವಂತಿಲ್ಲ, 21ನೇ ಕಲಮಿನ ಪ್ರಕಾರ ಠಾಣೆಯಲ್ಲೋ ಅಂಗಡಿಯಲ್ಲೋ ಜಮಾ ಮಾಡಬೇಕು. ದುಃಖದ ಮನೆ, ಹೆದರಿದ ಹೆಂಗಸು, ಕಾಗದ ಗೊತ್ತಿಲ್ಲದ ಮಕ್ಕಳು. ಇದೇ ಹೊತ್ತಿಗೆ ಕಾದು ಕೂತು “ಅಕ್ಕಾರ, ಪೊಲೀಸ್ರ ರಗಳಿ ಯಾಕ, ನಾ ತಗೊಂಡ ಹೋಗ್ತೀನಿ” ಎಂದು ಗುಜರಿ ಬೆಲೆ ಹೇಳುವವರಿದ್ದಾರೆ. ನಮ್ಮ ಅಂಗಡಿಗೆ ಹುಬ್ಬಳ್ಳಿ ಕಡೆಯ ಒಬ್ಬ ತಾಯಿ ಬಂದಿದ್ದರು, ಗಂಡ ಖಡಕಿಯಲ್ಲಿ ನೌಕರಿಯಲ್ಲಿದ್ದವರು. ಹಳೆಯ ಮಲ್ ಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಲೈಸೆನ್ಸ್ ಪುಸ್ತಕದ ಜೊತೆ ಕೈಚೀಲದಲ್ಲಿ ತಂದಿದ್ದರು. .32 ವೆಬ್ಲಿ. ಬಟ್ಟೆಗೆ ಇನ್ನೂ ಎಣ್ಣೆಯ ವಾಸನೆ ಇತ್ತು, ನಳಿಗೆ ಕನ್ನಡಿಯಂತಿತ್ತು, ಎಲ್ಲ ನಂಬರೂ ಕೂಡಿಬಂದವು. ಬೀದಿಯ ಯಾರೋ ಅವರಿಗೆ ಹೇಳಿದ್ದ ಬೆಲೆ ಕೇಳಿ ನಮ್ಮ ಮಿಸ್ತ್ರಿಗೆ ಸಿಟ್ಟು ಬಂತು. ಜಮಾ ಚೀಟಿ ಕೊಟ್ಟು, ವಾರಸು ಪತ್ರ ಆಗುವವರೆಗೆ ಯಾರಿಗೂ ಮಾತು ಕೊಡಬೇಡಿ ಎಂದು ಹೇಳಿ ಕಳಿಸಿದೆವು. ಕಾಗದವೆಲ್ಲ ಆದ ಮೇಲೆ ಸರಿಯಾದ ಕೈಗೆ, ಸರಿಯಾದ ಹಣಕ್ಕೆ ಹೋಯಿತು. ಕೊಂಡವರಿಗೂ ಲಾಭವೇ, ಅಂಥದು ಅವರಿಗೆ ಇನ್ನೆಲ್ಲೂ ಸಿಗುತ್ತಿರಲಿಲ್ಲ. ಹೆದರಿಸಿ ಇಳಿಸಿದ ಬೆಲೆಯನ್ನು ಯಾವ ಸಂಗ್ರಾಹಕನೂ ಒಳ್ಳೆಯ ಬೆಲೆ ಎಂದು ಹೇಳಿಕೊಳ್ಳಬಾರದು.

ಕೊನೆಯದಾಗಿ ಸರ್ಕಾರಕ್ಕೆ ಒಂದು ವಿನಂತಿ, ತಮ್ಮ ಪತ್ರಿಕೆಯ ಮೂಲಕ. ಜಮಾ ಇಟ್ಟ ಬಂದೂಕನ್ನು ವಾರಸುದಾರರು ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಪಿಬಿ ಬೋರಿನ ಹಳೆಯ ಸೈನಿಕ ರಿವಾಲ್ವರ್‌ಗಳ ಗತಿ ಹೆಚ್ಚಾಗಿ ಇದೇ, ಅವನ್ನು ಕೊಳ್ಳಬಲ್ಲವರು ಬಹಳ ಕಡಿಮೆ. ಪೊಲೀಸರ ಉಗ್ರಾಣವಾದ ಮಾಲ್‌ಖಾನೆಯಲ್ಲಿ ಮೂಟೆ ಕಟ್ಟಿ ಬಿದ್ದು, ತುಕ್ಕು ಹಿಡಿದು, ನಿರುಪಯುಕ್ತ ಎಂದು ಬರೆದ ಮೇಲೆ ಕತ್ತರಿಸಿ ಕರಗಿಸುವ ಸರದಿ ಬರುತ್ತದೆ. ಅವುಗಳಲ್ಲಿ ಎಂತೆಂಥವು ಇರುತ್ತವೆ ಎಂಬುದನ್ನು ನೋಡಿದವರು ಬಲ್ಲರು. ರೆಜಿಮೆಂಟಿನ ಅಚ್ಚು ಇರುವವು ಇರುತ್ತವೆ, 1857ರ ಕಾಲದ ಇಂಗ್ಲೆಂಡಿನ ಆಡಮ್ಸ್ ರಿವಾಲ್ವರಿನ ಮಾದರಿಯೂ ಇರಬಹುದು. ಪುಣೆಯಲ್ಲಿ ರಾಜಾ ಕೇಳ್ಕರ್ ವಸ್ತುಸಂಗ್ರಹಾಲಯ ಇದೆ, ಮುಂಬಯಿಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ ಇದೆ, ಎರಡರಲ್ಲೂ ಆಯುಧಗಳ ಸಂಗ್ರಹ ಇದೆ. ನಾಶಮಾಡುವ ಮೊದಲು ಪಟ್ಟಿಯನ್ನು ಇಂಥ ಸಂಸ್ಥೆಗಳ ತಜ್ಞರಿಗೆ ತೋರಿಸಿ, ಇಡತಕ್ಕದ್ದನ್ನು ಗುಂಡು ಹಾರದಂತೆ ಮಾಡಿ ಅವರ ವಶಕ್ಕೆ ಕೊಡುವ ಕ್ರಮ ಕಡ್ಡಾಯವಾಗಬೇಕು. ಕೊಟ್ಟ ಕುಟುಂಬದ ಹೆಸರನ್ನು ಕೆಳಗಿನ ಫಲಕದಲ್ಲಿ ಬರೆಯಬೇಕು. ಹೆದರಿಕೆಯಿಂದ ಅಟ್ಟದ ಮೇಲೆ ಬಚ್ಚಿಟ್ಟವರೂ ಆಗ ಧೈರ್ಯವಾಗಿ ಠಾಣೆಗೆ ತಂದು ಕೊಟ್ಟಾರು. ಬೆಳಗಾವಿ, ಧಾರವಾಡದ ಪೊಲೀಸ್ ಅಧಿಕಾರಿಗಳಿಗೂ ಇದೇ ವಿನಂತಿ.

ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ
ಲಷ್ಕರ್, ಪುಣೆ